ಪಂಕಜಾ ಹೆಸರಿನ ಫಾಗಿಂಗ್ ಮಷೀನು

ಪಂಕಜಾ ಡೆಂಗಿ ಜ್ವರದಿಂದ ಸತ್ತಳು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಬದುಕಿನ ಬಹುಪಾಲನ್ನು ಹುಳುಹುಪ್ಪಟೆಗಳ ಅಧ್ಯಯನದಲ್ಲಿ ಕಳೆದವಳು, ನಿವೃತ್ತಿಯಾದ ಮೇಲೆ ಸೊಳ್ಳೆಗಳ ಹಿಂದೆಯೇ ಬಿದ್ದಿದ್ದವಳು ಸೊಳ್ಳೆ ಕಚ್ಚಿ ಹೋದಳು ಅಂದರೆ ಕೇಳಿದವರಿಗೆ ವಿಚಿತ್ರ ಅನ್ನಿಸುವುದು ಸಹಜ. ಕೆಲವರಿಗೆ ಅದು ತಮಾಷೆಯಾಗಿಯೂ ಕಂಡಿತು. ಬನಶಂಕರಿ ಮೂರನೇ ಸ್ಟೇಜಿನಲ್ಲಿ, ಇಟ್ಟಮಡು ಕಡೆಗೆ ತಿರುಗುವಲ್ಲಿರುವ ಅವರ ಬಡಾವಣೆಯ ಹಾಲಿನ ಬೂತಿನ ಮುಂದೆ ಯಾರೋ ಒಬ್ಬರು, ‘ಹೊಗೆ ಹೊಡೀಬೇಡಿ ಅಂತಿದ್ರಲ್ಲ, ಅವ್ರನ್ನೇ ಹುಡುಕ್ಕೊಂಡು ಬಂತು ನೋಡಿ’ ಅಂದರಂತೆ. ಸುತ್ತ ನಿಂತವರು ನಕ್ಕರಂತೆ. ಆ ಮಾತಿಗೆ ತಕ್ಕ ಉತ್ತರ ಕೊಡಬಲ್ಲವಳು ಒಬ್ಬಳೇ ಇದ್ದಳು, ಅವಳು ಸತ್ತಿದ್ದಳು. ಹೀಗಾಗಿ ಉತ್ತರ ಕೊಡುವ ಕೆಲಸ ಅವಳ ಗಂಡ ಶಾಮಣ್ಣನವರ ತಲೆಗೆ ಬಂತು. ಟೆಲಿಫೋನ್ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ಶಾಮಣ್ಣ ಹುಳುವಿನ ವಿಷಯಕ್ಕೆ ತಲೆ ಹಾಕಿದವರಲ್ಲ, ನಾಲ್ಕು ಜನರ ಮುಂದೆ ನಿಂತು ಮಾತಾಡಿದವರೂ ಅಲ್ಲ.

ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು ಬಂದ ಮಾರನೆಯ ಬೆಳಿಗ್ಗೆ ಬೋರಣ್ಣ ಮನೆಗೆ ಬಂದರು. ಬೋರಣ್ಣ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಇಂದು ಬಡಾವಣೆ ಇರುವ ಜಾಗದ ಅರ್ಧ ಒಂದು ಕಾಲಕ್ಕೆ ಅವರ ತಂದೆಯ ರಾಗಿ ಹೊಲ. ಈಗ ಅದೇ ಜಾಗದಲ್ಲಿ ಅವರಿಗೆ ಬಾಡಿಗೆಗೆ ಕೊಟ್ಟ ಮೂರು ಕಟ್ಟಡಗಳಿವೆ. ಅವರ ಜೊತೆ ಸಂಘದ ಕಾರ್ಯದರ್ಶಿ ನಚಿಕೇತ ಇದ್ದ. ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರು, ಸಂಘದ ವಾಟ್ಸಾಪ್ ಗ್ರೂಪನ್ನು ನಡೆಸುವವನು. ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಬೋರಣ್ಣನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆ ನೀರು ಸುಳ್ಳಲ್ಲ ಎಂಬುದನ್ನು ಶಾಮಣ್ಣ ಆಮೇಲೆ ಎಷ್ಟು ಸಿಟ್ಟಿನಲ್ಲಿದ್ದಾಗಲೂ ಅಲ್ಲಗಳೆಯಲಿಲ್ಲ. ಮೇಡಂ ಹೆಸರಲ್ಲಿ ಬಡಾವಣೆಯ ಆರೋಗ್ಯಕ್ಕೆ ಏನಾದರೂ ಶಾಶ್ವತವಾದದ್ದು ಮಾಡಬೇಕೆಂದಿದೆ, ನೀವು ಹೂಂ ಅಂದರೆ ಸಾಕು, ಮಿಕ್ಕದ್ದು ನಮಗೆ ಬಿಡಿ ಎಂದರು ಬೋರಣ್ಣ. ಶಾಮಣ್ಣನ ಕಿವಿಗೆ ಬಿದ್ದದ್ದು ಅರ್ಧ. ಪಾರ್ಕಿನಲ್ಲಿ ಒಂದು ಕಲ್ಲು ಬೆಂಚು ಹಾಕಿಸಬಹುದು, ಅದರ ಪಕ್ಕ ಒಂದು ಹೊಂಗೆ ಗಿಡ ನೆಡಬಹುದು ಅಂದುಕೊಂಡರು. ಹೂಂ ಅಂದರು.

ಮನೆಯಲ್ಲಿದ್ದ ನೆಂಟರು ಬಂದವರಿಗೆ ಕಾಫಿ ಕೊಟ್ಟರು. ಪಂಕಜಾ ಉಸಿರು ಬಿಟ್ಟದ್ದು ಆಸ್ಪತ್ರೆಯಲ್ಲಾದರೂ ಮನೆಯಲ್ಲಿ ಅವಳ ಫೋಟೋ ಇಟ್ಟು, ಮುಂದೆ ದೀಪ ಹಚ್ಚಿ, ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬಿನ ತುಂಬ ನೀರು ಇಟ್ಟಿದ್ದರು. ಹೋದ ಜೀವಕ್ಕೆ ಬಾಯಾರಿಕೆ ಆಗುತ್ತದೆ ಎಂಬ ನಂಬಿಕೆ. ಪಂಕಜಾಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ, ಶಾಮಣ್ಣನಿಗೂ ಅಷ್ಟಕ್ಕಷ್ಟೇ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಚೊಂಬು ತುಂಬಿದೆಯೇ ಎಂದು ನೋಡುವುದು, ಕಮ್ಮಿಯಾಗಿದ್ದರೆ ಒಂದು ಲೋಟ ಹುಯ್ಯುವುದು ಅವರಿಗೆ ರೂಢಿಯಾಗಿಬಿಟ್ಟಿತು. ಅವಳಿಗಾಗಿ ಮಾಡಲು ಬೇರೇನೂ ಉಳಿದಿರಲಿಲ್ಲ.

ಪಂಕಜಾ ಹುಟ್ಟಿದ್ದು ಬಸವನಗುಡಿ, ಬೆಳೆದದ್ದು ಜಯನಗರ. ಹಿತ್ತಲ ಕರಿಬೇವಿನ ಗಿಡದಲ್ಲಿದ್ದ ಹಸಿರು ಹುಳುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಕಿ, ಅವು ಚಿಟ್ಟೆಯಾಗಿ ಹಾರುವ ತನಕ ಸ್ಕೂಲಿಗೆ ಹೋಗಲ್ಲ ಎಂದು ಹಟ ಹಿಡಿದ ಹುಡುಗಿ. ಪ್ರಾಣಿಶಾಸ್ತ್ರ ಓದಿದಳು, ಕೀಟಗಳ ಬಗ್ಗೆ ಸಂಶೋಧನೆ ಮಾಡಿದಳು, ಸರ್ಕಾರದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಬೆಳೆ ತಿನ್ನುವ ಹುಳುವನ್ನು ವಿಷ ಹಾಕಿ ಕೊಲ್ಲುವ ಬದಲು, ಆ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸಣ್ಣ ಕಣಜಗಳನ್ನು ಸಾಕಿ ಹೊಲಕ್ಕೆ ಬಿಡುವುದು ಅಲ್ಲಿನ ಕೆಲಸ. ಆ ಕಣಜ ಎಷ್ಟು ಚಿಕ್ಕದೆಂದರೆ ಅಂಗೈ ಮೇಲೆ ಕೂತರೂ ಗೊತ್ತಾಗದು. ಮೊಟ್ಟೆಗಳನ್ನು ಅಂಟಿಸಿದ ರಟ್ಟಿನ ಹಾಳೆಗಳು ಎಷ್ಟೋ ಸಲ ಪ್ರಯೋಗಾಲಯದಿಂದ ಮನೆಗೆ ಬಂದು, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ರಾತ್ರಿ ಕಳೆದು, ಬೆಳಿಗ್ಗೆ ಮಂಡ್ಯದ ಬಸ್ಸು ಹತ್ತುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅವಳ ಅತ್ತೆ ಆ ಹಾಳೆಯನ್ನು ನೋಡಿ, ಗಸಗಸೆ ಯಾಕೆ ಹೀಗೆ ಅಂಟಿಸಿದ್ದಾಳೆ ಎಂದು ಚಾಕುವಿನಲ್ಲಿ ಕೆರೆಯಲು ಕೂತಿದ್ದರು, ಹಬ್ಬದ ಪಾಯಸಕ್ಕೆ. ಶಾಮಣ್ಣ ಓಡಿ ಹೋಗಿ ತಪ್ಪಿಸಿದರು. ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಗಸಗಸೆ ಪಾಯಸ ಮಾಡಿದಾಗಲೆಲ್ಲ ಯಾರಾದರೊಬ್ಬರು, ‘ಇದು ಅಂಗಡೀದಾ, ಆಫೀಸ್‌ದಾ?’ ಎಂದು ಕೇಳುತ್ತಿದ್ದರು.

ಹುಳುಗಳಿಗಾಗಿ ಕಣ್ಣೀರು ಹಾಕುವ ಹೆಂಗಸು ಎಂದು ಅವಳನ್ನು ಲೇವಡಿ ಮಾಡಿದವರಿಗೆ ಅವಳ ಕೆಲಸ ಏನೆಂದು ಗೊತ್ತೇ ಇರಲಿಲ್ಲ. ಹುಳುಗಳನ್ನು ಕೊಲ್ಲುವುದೇ ಅವಳ ಕಸುಬು. ಯಾವ ಹುಳುವನ್ನು, ಎಲ್ಲಿ, ಯಾವ ಹಂತದಲ್ಲಿ ಹಿಡಿದರೆ ಅದು ಮತ್ತೆ ಏಳುವುದಿಲ್ಲ ಎಂಬುದನ್ನು ಜೀವಮಾನವಿಡೀ ಲೆಕ್ಕ ಹಾಕಿದವಳು. ಅವಳ ತಕರಾರು ಇದ್ದದ್ದು ಕುರುಡಾಗಿ ಕೊಲ್ಲುವುದರ ಬಗ್ಗೆ.

ನಿವೃತ್ತಿಯಾದ ಮೇಲೆ ಅವಳ ಕಣ್ಣು ಸ್ವಂತ ಬೀದಿಯ ಮೇಲೆ ಬಿತ್ತು. ಪ್ರತಿ ಮಳೆಗಾಲ ಬಂತೆಂದರೆ ಬಡಾವಣೆಯಲ್ಲಿ ಡೆಂಗಿ, ಡೆಂಗಿ ಬಂತೆಂದರೆ ಹೊಗೆ. ಕೈಯಲ್ಲಿ ಹಿಡಿಯುವ ಫಾಗಿಂಗ್ ಯಂತ್ರವೊಂದನ್ನು ತೂಗುಹಾಕಿಕೊಂಡು ಒಬ್ಬ ಬರುತ್ತಿದ್ದ. ಡೀಸೆಲ್ಲಿನಲ್ಲಿ ಔಷಧಿ ಬೆರೆಸಿ, ಬೀದಿಯ ಉದ್ದಕ್ಕೂ ಬಿಳಿ ಮೋಡ ಬಿಟ್ಟುಕೊಂಡು ಹೋಗುತ್ತಿದ್ದ. ಜನ ಕಿಟಕಿ ಹಾಕಿಕೊಂಡು ಕೂರುತ್ತಿದ್ದರು. ಪಂಕಜಾ ಆ ಕಿಟಕಿಗಳನ್ನು ತೋರಿಸಿ ಶಾಮಣ್ಣನಿಗೆ ಹೇಳಿದ್ದು ಇಷ್ಟು: ಡೆಂಗಿ ಸೊಳ್ಳೆ ಇರುವುದು ಮನೆಯೊಳಗೆ, ಮಂಚದ ಕೆಳಗೆ, ಬಟ್ಟೆ ನೇತುಹಾಕಿದ ಗೂಟದ ಹಿಂದೆ. ಹೊಗೆ ಇರುವುದು ಬೀದಿಯಲ್ಲಿ. ನಡುವೆ ಕಿಟಕಿ ಹಾಕಿದೆ. ಸೊಳ್ಳೆಯನ್ನು ಹೊಗೆಯಿಂದ ಕಾಪಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ?

ಪಾರ್ಕಿನ ಮೂಲೆಯಲ್ಲಿ ಕಲ್ಲು ಕಟ್ಟಿದ ಒಂದು ಪುಟ್ಟ ಕೊಳವಿದೆ, ಬೋರಣ್ಣನ ತಂದೆಯ ಕಾಲದ ಬಾವಿ ಇದ್ದ ಜಾಗದಲ್ಲಿ. ಅದರ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿದ್ದವು. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡಿಸುತ್ತಾರಲ್ಲ, ಅವೇ. ಅವುಗಳ ಮರಿಗಳು ನೀರಿನಲ್ಲಿದ್ದು ಸೊಳ್ಳೆ ಮರಿಗಳನ್ನು ತಿನ್ನುತ್ತವೆ, ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಯನ್ನು ಹಿಡಿಯುತ್ತವೆ. ಹೊಗೆ ಹಾಕಿದ ಮಾರನೆಯ ದಿನ ಅವು ಕೊಳದ ಕಟ್ಟೆಯ ಮೇಲೆ ಒಣಗಿದ ಕಡ್ಡಿಗಳ ಹಾಗೆ ಬಿದ್ದಿರುತ್ತಿದ್ದವು. ಪಂಕಜಾ ಮಳೆಗಾಲದಿಂದ ಮಳೆಗಾಲಕ್ಕೆ ಗಮನಿಸುತ್ತ ಬಂದಳು. ಸೊಳ್ಳೆಗಳು ನಾಲ್ಕೈದು ದಿನಕ್ಕೆ ವಾಪಸಾಗುತ್ತಿದ್ದವು. ಏರೋಪ್ಲೇನ್ ಚಿಟ್ಟೆಗಳು ಆ ವರ್ಷವೆಲ್ಲ ವಾಪಸಾಗುತ್ತಿರಲಿಲ್ಲ.

ಹಾಗಾದರೆ ಸೊಳ್ಳೆ ಹುಟ್ಟುವುದೆಲ್ಲಿ? ಅದನ್ನು ಹುಡುಕಲು ಅವಳು ಹಳೆಯದೊಂದು ಉದ್ದ ಹಿಡಿಯ ಸೌಟು, ಒಂದು ಬಿಳಿ ಬೋಗುಣಿ ಹಿಡಿದು ಮನೆಮನೆಗೆ ಹೊರಟಳು. ಸಂಪಿನ ಮುಚ್ಚಳ ತೆಗೆಸಿದಳು, ನೀರು ತುಂಬಿಟ್ಟ ಡ್ರಮ್ಮು ನೋಡಿದಳು, ಫ್ರಿಜ್ಜಿನ ಹಿಂದಿನ ತಟ್ಟೆ ಎಳೆಸಿದಳು. ‘ಸೌಟು ಮೇಡಂ’ ಎಂದು ಹೆಸರು ಬಿತ್ತು. ಎಲ್ಲದಕ್ಕಿಂತ ಹೆಚ್ಚಾಗಿ ಸೊಳ್ಳೆ ಮರಿ ಸಿಕ್ಕಿದ್ದು ಅವಳೇ ಎಣಿಸದಿದ್ದ ಕಡೆ, ಮನೆಗಳ ಮುಂಬಾಗಿಲಿನಲ್ಲಿ ಅಂದಕ್ಕಿಟ್ಟ ಹಿತ್ತಾಳೆ ಉರುಳಿಗಳಲ್ಲಿ. ಅಗಲ ಬಾಯಿಯ ಪಾತ್ರೆ, ತುಂಬ ನೀರು, ಮೇಲೆ ತೇಲುವ ಹೂವಿನ ಎಸಳು. ಎಲ್ಲರೂ ಹೂವನ್ನು ದಿನಾ ಬದಲಾಯಿಸುತ್ತಿದ್ದರು. ನೀರನ್ನು ಯಾರೂ ಬದಲಾಯಿಸುತ್ತಿರಲಿಲ್ಲ. ಎರಡು ದಿನಕ್ಕೊಮ್ಮೆ ಕಾವೇರಿ ನೀರು ಬರುವ ಬಡಾವಣೆಯಲ್ಲಿ ಒಂದು ಕೊಳಗ ನೀರು ಚೆಲ್ಲುವುದೆಂದರೆ ಯಾರಿಗಾದರೂ ಕೈ ಬಾರದು. ಒಣಗಿದಷ್ಟು ತುಂಬಿಸುತ್ತಿದ್ದರು. ಅಚ್ಚುಕಟ್ಟಾದ ಮನೆಗಳ, ಮಿತವಾಗಿ ಬದುಕುವ ಜನರ ತಪ್ಪು ಅದು.

ಒಂದು ಬೆಳಿಗ್ಗೆ ಅವಳು ಶಾಮಣ್ಣನನ್ನು ಮಹಡಿಗೆ ಕರೆದು, ಮರೆತುಬಿಟ್ಟಿದ್ದ ಬಕೆಟ್ಟೊಂದನ್ನು ತೋರಿಸಿದಳು. ಅವರಿಗೆ ಬರೀ ನೀರು ಕಂಡಿತು. ‘ಕೈ ಅಡ್ಡ ಹಿಡೀರಿ’ ಎಂದಳು. ಅವರ ಕೈಯ ನೆರಳು ನೀರಿನ ಮೇಲೆ ಬಿದ್ದದ್ದೇ ಮೇಲ್ಭಾಗದಲ್ಲಿ ನೇತಾಡುತ್ತಿದ್ದ ಕಡ್ಡಿಚೂರುಗಳೆಲ್ಲ ಮೈ ಕೊಂಕಿಸಿಕೊಂಡು ತಳಕ್ಕೆ ಇಳಿದವು.

‘ನೆರಳು ಬಿತ್ತು ಅಂದ್ರೆ ಅಪಾಯ ಅಂತ ಅಷ್ಟು ಸಣ್ಣ ಹುಳಕ್ಕೂ ಗೊತ್ತು. ನಮ್ಮ ಸಂಘದೋರಿಗೆ ಅಷ್ಟೂ ಗೊತ್ತಾಗಲ್ಲ’ ಎಂದಳು.

ಅವಳ ನಾಲಿಗೆ ಹಾಗೇ. ಅದನ್ನು ಇಲ್ಲಿ ತಿದ್ದಿ ಬರೆದರೆ ಅವಳಿಗೇ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಬೋರಣ್ಣನ ಮೊಮ್ಮಗಳಿಗೆ ಡೆಂಗಿ ಬಂದು, ಮಗು ಆಸ್ಪತ್ರೆ ಸೇರಿ, ಹೇಗೋ ಉಳಿಯಿತು. ಬೋರಣ್ಣ ಅಲ್ಲಿಂದಲೇ ಶಪಥ ಮಾಡಿದವರಂತೆ ಬಂದು, ಇನ್ನು ಮೇಲೆ ಸಂಘದ ವತಿಯಿಂದಲೇ ವಾರಕ್ಕೆ ಮೂರು ಸಲ ಹೊಗೆ ಹೊಡೆಸುವುದೆಂದು ತೀರ್ಮಾನ ಮಾಡಿಸಿದರು. ಪಂಕಜಾ ಅವರ ಮನೆಗೇ ಹೋದಳು. ಮುಂಬಾಗಿಲಲ್ಲಿ ಬೋರಣ್ಣನ ಸೊಸೆ ಶೃತಿ ಇಟ್ಟಿದ್ದ ದೊಡ್ಡ ಉರುಳಿಯಲ್ಲಿ ಸೌಟು ಅದ್ದಿದಳು. ಬೋಗುಣಿಗೆ ಸುರಿದು ತೋರಿಸಿದಳು. ಬೋರಣ್ಣನ ಮುಖ ಕಪ್ಪಿಟ್ಟಿತು.

‘ಮೇಡಂ, ನಮ್ಮ ಮಗೂಗೆ ಕಚ್ಚಿದ ಸೊಳ್ಳೆ ನಮ್ಮನೇಲೇ ಹುಟ್ಟಿದ್ದು ಅಂತೀರಾ?’

‘ಅದು ಗೊತ್ತಿಲ್ಲ. ಇದು ಇಲ್ಲೇ ಹುಟ್ಟಿದ್ದು ಅಂತ ಗೊತ್ತು. ನೀವೂ ನೋಡ್ತಿದ್ದೀರಿ.’

ಶೃತಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಪಂಕಜಾ ಮನೆಗೆ ಬಂದು ಆ ಬೋಗುಣಿಯ ಫೋಟೋವನ್ನು ಸಂಘದ ಗ್ರೂಪಿಗೆ ಹಾಕಿದಳು, ಯಾರ ಮನೆಯದೆಂದು ಬರೆಯದೆ. ಆದರೆ ಆ ಹಿತ್ತಾಳೆ ಅಂಚನ್ನು ಗುರುತಿಸದವರು ಯಾರು? ಕಾಲು ಗಂಟೆಯೊಳಗೆ ನಚಿಕೇತ ಅವಳನ್ನು ಗ್ರೂಪಿನಿಂದ ತೆಗೆದ. ಸಾರ್ವಜನಿಕ ವೇದಿಕೆಯಲ್ಲಿ ಖಾಸಗಿ ಮನೆಗಳ ಮರ್ಯಾದೆ ಕಳೆಯುವುದು ನಿಯಮಕ್ಕೆ ವಿರುದ್ಧ ಎಂದು ಇಂಗ್ಲಿಷಿನಲ್ಲಿ ಕಾರಣ ಕೊಟ್ಟ. ಸ್ವಲ್ಪ ನಯವಾಗಿ ಹೇಳಬಹುದಿತ್ತು ಎಂದು ಶಾಮಣ್ಣ ಅಂದಾಗ ಪಂಕಜಾ, ನಯವಾಗಿ ಹೇಳಿ ಎರಡು ವರ್ಷ ಆಯಿತು, ನಯವಾಗಿ ಕೇಳಿಸಿಕೊಂಡು ನಯವಾಗಿ ಮರೆತರು ಎಂದಳು.

ಈ ವರ್ಷ ಹೊಗೆ ಹೇಳಿದಂತೆಯೇ ಬಂತು. ವಾರಕ್ಕೆ ಮೂರು ಸಲ, ಒಂದು ಸಲವೂ ತಪ್ಪದೆ, ಅವರ ಗೇಟಿನ ಮುಂದೆಯೂ. ಮಳೆಗಾಲದ ನಡುವೆ ಪಂಕಜಾಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ನೋವು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಏನೆಂದು ಅವಳಿಗೆ ಗೊತ್ತಿತ್ತು. ಅಕ್ಕಪಕ್ಕದವರು ಪರಂಗಿ ಎಲೆಯ ರಸ ತಂದುಕೊಟ್ಟರು. ಕೊಟ್ಟ ಕೈಗಳ ಮರ್ಯಾದೆಗೆ ಒಂದೆರಡು ಗುಟುಕು ಕುಡಿದಳು. ಯಾವ ಸೊಳ್ಳೆ ಕಚ್ಚಿತೋ, ಎಲ್ಲಿ ಹುಟ್ಟಿದ ಸೊಳ್ಳೆಯೋ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅವಳಿದ್ದಿದ್ದರೆ ಊಹೆ ಮಾಡಬೇಡಿ ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ, ಇನ್ನೂ ಮಾತು ಸ್ಪಷ್ಟವಾಗಿದ್ದ ಒಂದು ಸಂಜೆ, ಕೆಳಗೆ ರಸ್ತೆಯಲ್ಲಿ ಫಾಗಿಂಗ್ ಯಂತ್ರದ ಸದ್ದು ಬಂತು. ಪಂಕಜಾ ಅದನ್ನು ಕೇಳಿಸಿಕೊಂಡು ಸಣ್ಣಗೆ ನಕ್ಕಳು.

‘ನಾನು ಸತ್ರೆ ಇವ್ರು ಇನ್ನೂ ಜೋರಾಗಿ ಹೊಡೀತಾರೆ ನೋಡ್ರೀ. ನನ್ನೇ ತೋರಿಸಿ ಹೊಡೀತಾರೆ.’

‘ಸುಮ್ನಿರು’ ಎಂದರು ಶಾಮಣ್ಣ. ಅದಾಗಿ ಎರಡು ದಿನಕ್ಕೆ ಅವಳೇ ಸುಮ್ಮನಾದಳು.

ಗ್ರೂಪಿನಲ್ಲಿ ಓಂ ಶಾಂತಿ ಎಂಬ ಮಾತು, ಮುಗಿದ ಕೈಗಳ ಚಿತ್ರ ಸಾಲುಸಾಲಾಗಿ ಬಿದ್ದವು. ಅವಳನ್ನು ತೆಗೆದುಹಾಕಿದ ಅದೇ ಗ್ರೂಪಿನಲ್ಲಿ. ಶಾಮಣ್ಣ ಅಲ್ಲಿ ಇನ್ನೂ ಇದ್ದರು. ಎಲ್ಲವನ್ನೂ ಓದಿದರು. ಬಡಾವಣೆಯ ಹೆಮ್ಮೆಯ ವಿಜ್ಞಾನಿ ಎಂದು ಬರೆದ ನಚಿಕೇತನ ಸಂದೇಶವನ್ನೂ ಓದಿದರು.

ವೈಕುಂಠ ಸಮಾರಾಧನೆಯ ಹಿಂದಿನ ದಿನ ಅದೇ ಗ್ರೂಪಿಗೆ ಒಂದು ಚಿತ್ರ ಬಂತು. ಬೆಳ್ಳಿ ಬಣ್ಣದ ಉದ್ದ ನಳಿಗೆಯ, ಹೊಚ್ಚ ಹೊಸ ಫಾಗಿಂಗ್ ಯಂತ್ರ. ಅದರ ಟ್ಯಾಂಕಿನ ಮೇಲೆ ದೊಡ್ಡದೊಂದು ಸ್ಟಿಕ್ಕರು. ಸ್ಟಿಕ್ಕರಿನಲ್ಲಿ ಅಕ್ಕನ ಮಗಳ ಮದುವೆಯಲ್ಲಿ ರೇಷ್ಮೆ ಸೀರೆ ಉಟ್ಟು ತೆಗೆಸಿಕೊಂಡ ಪಂಕಜಾಳ ಫೋಟೋ. ಕೆಳಗೆ, ದಿವಂಗತ ಪಂಕಜಾ ಶಾಮಣ್ಣ ಅವರ ಸ್ಮರಣಾರ್ಥ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಶ್ರದ್ಧಾಂಜಲಿ, ಆ ಬಳಿಕ ಯಂತ್ರದ ಉದ್ಘಾಟನೆ ಶ್ರೀ ಶಾಮಣ್ಣ ಅವರಿಂದ.

ಶಾಮಣ್ಣ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟರು. ಆಸ್ಪತ್ರೆಯ ಆ ಮಾತು ಕಿವಿಗೆ ಬಂತು. ಅವಳು ಹೇಳಿದ್ದು ಅಕ್ಷರಶಃ ಆಗುತ್ತಿತ್ತು. ಅದಕ್ಕೆ ಹೂಂ ಅಂದದ್ದು ತಾವೇ. ಅವಳ ಹೆಸರು, ಅವಳು ಜೀವ ಇರುವ ತನಕ ಜಗಳವಾಡಿದ ವಸ್ತುವಿನ ಮೇಲೆ, ಇನ್ನು ಬೀದಿ ಬೀದಿ ಸುತ್ತುತ್ತದೆ. ಇದೊಂದು ಆಗಕೂಡದು ಎಂದು ಎದ್ದು ಚಪ್ಪಲಿ ಮೆಟ್ಟಿದರು.

ಬೋರಣ್ಣನ ಮನೆಯಲ್ಲಿ ನಚಿಕೇತನೂ ಇದ್ದ, ಶಾಮಿಯಾನದ ವಿಚಾರ ಮಾತಾಡುತ್ತ. ಶಾಮಣ್ಣ ಹೇಳುವುದನ್ನು ಇಬ್ಬರೂ ತಾಳ್ಮೆಯಿಂದ ಕೇಳಿದರು. ಆ ತಾಳ್ಮೆಯೇ ಅವರನ್ನು ಕೆಣಕಿತು. ರೋಗಿಯ ಮಾತು ಕೇಳುವವರ ತಾಳ್ಮೆ ಅದು.

‘ಅಂಕಲ್, ನೀವೇ ಓಕೆ ಅಂದಿದ್ರಲ್ಲ’ ಎಂದ ನಚಿಕೇತ. ‘ಎಲ್ಲರ ಹತ್ರ ಕಲೆಕ್ಷನ್ ಆಗಿದೆ, ಮಷೀನ್ ಬಂದಿದೆ. ಆಂಟಿ ಅಂಥೋರಿಗೇ ಹೀಗಾಯ್ತು ಅಂದ್ರೆ ಜನಕ್ಕೆ ಒಂದು ಅವೇರ್‌ನೆಸ್ ಬರುತ್ತೆ.’

ಬೋರಣ್ಣ ಅವನನ್ನು ಕೈಸನ್ನೆಯಲ್ಲಿ ಸುಮ್ಮನಾಗಿಸಿ, ಮೃದುವಾಗಿ ಹೇಳಿದರು: ‘ಶಾಮಣ್ಣೋರೇ, ನಾನು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇಡಂ ದೊಡ್ಡೋರೇ. ಆದ್ರೆ ಇದೊಂದರಲ್ಲಿ ಅವರು ತಪ್ಪು ತಿಳ್ಕೊಂಡಿದ್ರು, ಅದಕ್ಕೇ ಹೋದ್ರು. ಅವರ ಹೆಸರಲ್ಲಿ ನಾಲ್ಕು ಮಕ್ಕಳು ಉಳೀಲಿ. ಅವರ ತಪ್ಪೂ ಸರಿಹೋಗುತ್ತೆ.’

ಶಾಮಣ್ಣ ಎದ್ದು ಹೊರಟರು. ತಿರುಗಿ ಬರುವಾಗ ದಾರಿಯುದ್ದಕ್ಕೂ ಉತ್ತರಗಳು ಹೊಳೆದವು. ಸತ್ತವಳ ತಪ್ಪನ್ನು ತಿದ್ದಲು ಹೊರಟಿದ್ದಾರೆ ಇವರು. ಬದುಕಿದ್ದಾಗ ಅವಳ ಒಂದು ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದವರು, ಅವಳು ಎದುರಾದರೆ ದಾರಿ ಬದಲಾಯಿಸುತ್ತಿದ್ದವರು, ಸೌಟು ಮೇಡಂ ಬಂದ್ರು ಎಂದು ಗೇಟು ಹಾಕಿಕೊಂಡವರು. ಅವಳ ಬಾಯಿ ಮುಚ್ಚಿದ ಮೇಲೆ ಅವಳ ಮುಖ ಬೇಕಾಯಿತು ಇವರಿಗೆ. ಜಗಳವಾಡುತ್ತಿದ್ದ ಪಂಕಜಾ ಬೇಡ, ರೇಷ್ಮೆ ಸೀರೆಯ ಪಂಕಜಾ ಸಾಕು. ಸತ್ತವರಿಗೆ ಮಾಡುವ ಅವಮಾನಗಳಲ್ಲಿ ಹೂವಿನ ಹಾರದ ಜೊತೆ ಬರುವುದೇ ಎಲ್ಲಕ್ಕಿಂತ ಕೆಟ್ಟದ್ದು, ತಡೆಯಲು ಹೋದವರೇ ಅಲ್ಲಿ ಒರಟರಂತೆ ಕಾಣುತ್ತಾರೆ.

ಭಾನುವಾರ ಪಾರ್ಕಿನಲ್ಲಿ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಬಂದವರಿಗೆ ಉಪ್ಪಿಟ್ಟು. ಹೋಗದೇ ಇದ್ದರೆ ಸಾಕಲ್ಲ ಎಂದು ನೆಂಟರು ಹೇಳಿದರು. ತಾವು ಹೋಗದಿದ್ದರೆ ಬೇರೆ ಯಾರೋ ಬಟನ್ ಒತ್ತುತ್ತಾರೆ, ಅಷ್ಟೇ ಎಂದು ಶಾಮಣ್ಣ ಹೋದರು. ಏನು ಮಾಡಬೇಕೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿದರು. ಎದುರಿಗೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಹಾರ ಹಾಕಿದ ಫೋಟೋ, ಮೇಜಿನ ಪಕ್ಕ ನೆಲದ ಮೇಲೆ ಆ ಯಂತ್ರ, ಅದಕ್ಕೂ ಒಂದು ಹಾರ. ಫೋಟೋದ ಮುಂದೆ ಅಂದಕ್ಕೆಂದು ಶೃತಿ ತನ್ನ ಮನೆಯ ಮುಂಬಾಗಿಲಿನ ದೊಡ್ಡ ಉರುಳಿಯನ್ನು ನೀರು ಸಮೇತ ಇಬ್ಬರಿಂದ ಹೊರಿಸಿ ತಂದು ಇಡಿಸಿದ್ದಳು. ನೀರಿನ ಮೇಲೆ ಗುಲಾಬಿ, ಸೇವಂತಿಗೆ ಎಸಳುಗಳು ತೇಲುತ್ತಿದ್ದವು.

ಭಾಷಣಗಳಾದವು. ಸರಳ ಜೀವಿ ಎಂದರು. ಪ್ರಕೃತಿ ಪ್ರೇಮಿ ಎಂದರು. ಒಬ್ಬರು ಅವಳು ಇರುವೆಯನ್ನೂ ಕೊಲ್ಲುತ್ತಿರಲಿಲ್ಲ ಎಂದರು. ಶಾಮಣ್ಣನಿಗೆ ನಗು ಬಂತು, ಮನೆಯ ಸಕ್ಕರೆ ಡಬ್ಬಿಯ ಇರುವೆಗಳಿಗೆ ಅವಳು ಮಾಡುತ್ತಿದ್ದ ಗತಿ ನೆನೆದು. ಕೊಳದ ಕಡೆ ನೋಡಿದರು. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ, ಅವಳ ಪ್ರಕಾರ ಏರೋಪ್ಲೇನ್ ಚಿಟ್ಟೆಗಳು ಹಾರಬೇಕಾದ ಹೊತ್ತು. ನೀರಿನ ಮೇಲೆ ಏನೂ ಇರಲಿಲ್ಲ.

ಪುಷ್ಪಾರ್ಚನೆಗೆ ಮೊದಲು ಅವರನ್ನು ಕರೆದರು. ಹೂ ಹಿಡಿದು ಮೇಜಿನ ಹತ್ತಿರ ಹೋದರು. ಹೂವನ್ನು ಫೋಟೋದ ಮುಂದೆ ಇಡಲು ಬಗ್ಗಿದಾಗ ಉರುಳಿಯ ಎಸಳುಗಳ ನಡುವೆ, ಬೆರಳಗಲದ ಖಾಲಿ ನೀರಿನಲ್ಲಿ, ಏನೋ ಅಲುಗಿದ ಹಾಗಾಯಿತು. ಶಾಮಣ್ಣ ಹೂವನ್ನು ಕೆಳಗಿಟ್ಟು ಎಸಳುಗಳನ್ನು ಒಂದು ಬದಿಗೆ ಸರಿಸಿದರು. ಕೈಯನ್ನು ನೀರಿನ ಮೇಲೆ ಅಡ್ಡ ಹಿಡಿದರು. ಮೇಲ್ಭಾಗದಲ್ಲಿ ನೇತಾಡುತ್ತಿದ್ದವೆಲ್ಲ ಮೈ ಕೊಂಕಿಸಿಕೊಂಡು, ಹಿತ್ತಾಳೆಯ ತಳಕ್ಕೆ ಇಳಿದವು. ಕೈ ತೆಗೆದರು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂದವು. ಅವಳ ಫೋಟೋದ ಮುಂದೆ, ಅವಳಿಗೆಂದು ಇಟ್ಟ ನೀರಿನಲ್ಲಿ.

‘ಬೋರಣ್ಣ, ಸ್ವಲ್ಪ ಇಲ್ಲಿ ಬನ್ನಿ.’

ಬೋರಣ್ಣ ಬಂದರು, ಹೂವಿಗೆ ಏನೋ ಬೇಕಾಗಿದೆ ಅಂದುಕೊಂಡು.

‘ಕೈ ಅಡ್ಡ ಹಿಡೀರಿ.’

ಬೋರಣ್ಣ ಹಿಡಿದರು. ನೋಡಿದರು. ಕೈ ತೆಗೆದು, ಮತ್ತೊಮ್ಮೆ ಹಿಡಿದು ನೋಡಿದರು. ಹೋದ ವರ್ಷ ಬಿಳಿ ಬೋಗುಣಿಯಲ್ಲಿ ನೋಡಿದ್ದನ್ನು ಮರೆತಿರಲಿಲ್ಲ. ತಲೆಯೆತ್ತಿ ಸೊಸೆಯ ಕಡೆ ನೋಡಿದರು. ಶೃತಿ ಎದ್ದು ಬಂದಳು, ಬಗ್ಗಿದಳು, ಅವಳ ಮುಖ ಕೆಂಪಾಯಿತು.

‘ದಿನಾ ಹೂ ಬದಲಾಯಿಸ್ತೀನಿ ಅಂಕಲ್. ಇವತ್ತೂ ಹೊಸಾದೇ ಹಾಕಿದ್ದು.’

‘ಹೂ ಬದಲಾಯಿಸ್ತೀಯಮ್ಮ. ನೀರು?’

ಅಷ್ಟರಲ್ಲಿ ನಚಿಕೇತ ಮೈಕಿನಲ್ಲಿ, ಈಗ ಶ್ರೀ ಶಾಮಣ್ಣನವರು ಯಂತ್ರಕ್ಕೆ ಚಾಲನೆ ನೀಡುತ್ತಾರೆ ಎಂದು ಹೇಳಿಬಿಟ್ಟ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಶಾಮಣ್ಣ ಮೈಕು ತೆಗೆದುಕೊಳ್ಳಲಿಲ್ಲ. ಅವರ ದನಿ ದೊಡ್ಡದಲ್ಲ, ಆದರೆ ಚಪ್ಪಾಳೆ ನಿಂತ ಮೇಲೆ ಎಲ್ಲರಿಗೂ ಕೇಳಿಸಿತು.

‘ಈ ವರ್ಷ ವಾರಕ್ಕೆ ಮೂರು ಸಲ ಹೊಗೆ ಹೊಡೆದಿದ್ದೀರಿ. ನಮ್ಮನೆ ಗೇಟ್ ಮುಂದೇನೂ ಹೊಡೆದಿದ್ದೀರಿ. ಅಷ್ಟು ಹೊಡೆದ ಮೇಲೂ ಅವಳು ಸತ್ತಳು. ಹೊಗೆ ಬೇಡ ಅಂದಿದ್ದಕ್ಕೆ ಸತ್ತಳು ಅಂತ ಇನ್ಮೇಲೆ ಯಾರೂ ಹೇಳಬೇಡಿ. ನಾನು ಹೂಂ ಅಂದಿದ್ದು ಏನಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ಅದು ನನ್ನ ತಪ್ಪು. ಅವಳ ಹೆಸರು ಇದರ ಮೇಲೆ ಬೇಡ.’

ನಚಿಕೇತ ಹತ್ತಿರ ಬಂದು, ಸ್ಟಿಕ್ಕರು ಒಳ್ಳೆಯ ಕ್ವಾಲಿಟಿಯದು, ಈಗ ತೆಗೆಯಲು ಬರುವುದಿಲ್ಲ, ಕಾರ್ಯಕ್ರಮ ಆದ ಮೇಲೆ ಕೂತು ಮಾತಾಡೋಣ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಶಾಮಣ್ಣ ಯಂತ್ರದ ಹಾರವನ್ನು ತೆಗೆದು ಪಕ್ಕಕ್ಕಿಟ್ಟು, ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿ ಎಳೆದರು. ಅದು ಬರಲಿಲ್ಲ. ಇನ್ನೊಂದು ಮೂಲೆಯಿಂದ ಎಳೆದರು. ಬಂತು, ಆದರೆ ಅಡ್ಡಡ್ಡ ಹರಿದು ಬಂತು. ಪಂಕಜಾಳ ಗಲ್ಲದಿಂದ ಕೆಳಗಿನದು ಅವರ ಕೈಯಲ್ಲಿ, ಮೇಲಿನದು ಟ್ಯಾಂಕಿನ ಮೇಲೆ. ಅದನ್ನು ನೋಡಿ ಇಷ್ಟು ದಿನ ಅಳದಿದ್ದ ಮನುಷ್ಯ ಅಲ್ಲಿ, ಉಪ್ಪಿಟ್ಟಿನ ವಾಸನೆಯ ನಡುವೆ, ಎಲ್ಲರ ಮುಂದೆ ಅತ್ತರು. ಅಳುತ್ತಲೇ ಉಗುರಿನಿಂದ ಕೆರೆಯುತ್ತಿದ್ದರು.

ಬೋರಣ್ಣ ಬಂದು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಯಂತ್ರಕ್ಕೆಂದು ತಂದಿಟ್ಟಿದ್ದ ಕ್ಯಾನಿನಿಂದ ಹೆಗಲ ಮೇಲಿನ ಟವಲಿಗೆ ಡೀಸೆಲ್ ಸುರಿದುಕೊಂಡು, ಸ್ಟಿಕ್ಕರಿನ ಮೇಲೆ ಒತ್ತಿ ಹಿಡಿದರು.

‘ಸ್ವಲ್ಪ ನೆನೀಲಿ. ಎಳೀಬೇಡಿ, ಹರಿಯುತ್ತೆ’ ಎಂದರು. ನೆನೆದ ಮೇಲೆ ಹೆಬ್ಬೆರಳಲ್ಲಿ ಮೆಲ್ಲಗೆ ಸರಿಸಿ, ಮಿಕ್ಕ ಮುಖವನ್ನು ಹರಿಯದಂತೆ ಬಿಡಿಸಿ ಶಾಮಣ್ಣನ ಕೈಗೆ ಕೊಟ್ಟರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಕೇಳಿದ್ದರೂ ಅದನ್ನು ಕೇಳಬೇಕಾದವಳು ಅಲ್ಲಿರಲಿಲ್ಲ.

ಉರುಳಿಯ ನೀರನ್ನು ಕೊಳಕ್ಕೆ ಚೆಲ್ಲಲೇ ಎಂದು ಶೃತಿ ಕೇಳಿದಳು. ಪಂಕಜಾ ಇದ್ದಿದ್ದರೆ ಹೌದು ಎನ್ನುತ್ತಿದ್ದಳು, ಕೊಳದಲ್ಲಿ ಅದನ್ನು ತಿನ್ನುವ ಮರಿಗಳಿದ್ದ ಕಾಲದಲ್ಲಿ. ಈಗ ಅಲ್ಲಿ ಏನಾದರೂ ಉಳಿದಿದೆಯೋ ಇಲ್ಲವೋ ಶಾಮಣ್ಣನಿಗೆ ಗೊತ್ತಿರಲಿಲ್ಲ. ಬಿಸಿಲಿಗೆ ಕಾದ ಜಲ್ಲಿಯ ಮೇಲೆ ಸುರಿಯಲು ಹೇಳಿದರು. ಮರಿಗಳು ಜಲ್ಲಿಯ ಮೇಲೆ ಸ್ವಲ್ಪ ಹೊತ್ತು ಕೊಂಕಿದವು. ಆಮೇಲೆ ಇಲ್ಲ.

‘ಬರೀ ಚೆಲ್ಲಿದ್ರೆ ಆಗಲ್ಲಮ್ಮ. ನಾರು ಹಾಕಿ ತಿಕ್ಕಬೇಕು, ಅಂಚಿನವರೆಗೂ. ಮೊಟ್ಟೆ ಅಲ್ಲಿ ಅಂಟ್ಕೊಂಡಿರುತ್ತಂತೆ, ಕಣ್ಣಿಗೆ ಕಾಣಲ್ಲ. ತಿಂಗಳುಗಟ್ಟಲೆ ಒಣಗಿದ್ರೂ ಸಾಯಲ್ಲ. ನೀರು ಬಿತ್ತು ಅಂದ್ರೆ ಎದ್ದೇಳುತ್ತೆ’ ಎಂದರು. ಅವಳು ನಿವೃತ್ತಿಯಾದಂದಿನಿಂದ ಕಿವಿಯ ಮೇಲೆ ಬಿದ್ದ ಮಾತು ಅಷ್ಟು ಸಲೀಸಾಗಿ ತಮ್ಮ ಬಾಯಿಂದ ಬಂದದ್ದು ಅವರಿಗೇ ಆಶ್ಚರ್ಯ.

ಆ ಭಾನುವಾರದಿಂದ ಬಡಾವಣೆ ಬದಲಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಂಗಳವಾರ ಸಂಜೆ ಹೊಸ ಯಂತ್ರ ಬೀದಿಗೆ ಬಂತು. ದುಡ್ಡು ಕೊಟ್ಟು ತಂದಾಗಿದೆ, ಸುಮ್ಮನೆ ಇಡಲಾಗುತ್ತದೆಯೇ ಎಂದು ನಚಿಕೇತ ಗ್ರೂಪಿನಲ್ಲಿ ಬರೆದಿದ್ದ. ಜನ ಎಂದಿನಂತೆ ಕಿಟಕಿ ಹಾಕಿಕೊಂಡರು. ಹಾಲಿನ ಬೂತಿನ ಮುಂದಿನ ಮಾತೂ ಪೂರ್ತಿ ನಿಂತಿಲ್ಲ, ಶಾಮಣ್ಣ ಬಂದಾಗ ಮಾತ್ರ ನಿಲ್ಲುತ್ತದೆ. ಬೋರಣ್ಣನ ಮನೆಯ ಮುಂಬಾಗಿಲಲ್ಲಿ ಉರುಳಿ ಬೋರಲಾಗಿ ಬಿದ್ದಿದೆ. ಮಿಕ್ಕ ಮನೆಗಳಲ್ಲಿ ಹೂವುಗಳು ತೇಲುತ್ತಲೇ ಇವೆ.

ಯಂತ್ರ ಬಂದಾಗ ಶಾಮಣ್ಣ ಗೇಟಿನ ಹತ್ತಿರವೇ ನಿಂತಿದ್ದರು. ಹೊಗೆಯ ನಡುವೆ ಅದರ ಟ್ಯಾಂಕು ಕಂಡಿತು. ಸ್ಟಿಕ್ಕರು ಇದ್ದ ಜಾಗದಲ್ಲಿ ಒಂದು ಚೌಕ ಮಂಕಾಗಿತ್ತು, ಅಷ್ಟೇ. ಹೆಸರು ಇರಲಿಲ್ಲ. ಅದು ತಿರುವು ದಾಟಿ ಹೋಗುವ ತನಕ ನೋಡುತ್ತ ನಿಂತು, ಕೆಮ್ಮುತ್ತ ಒಳಗೆ ಬಂದರು.

ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಚೊಂಬು. ನೆಂಟರೆಲ್ಲ ಹೊರಟುಹೋಗಿದ್ದರು, ಚೊಂಬು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆವತ್ತು ಬೆಳಿಗ್ಗೆ ಕೂಡ ಅವರು ಒಂದು ಲೋಟ ನೀರು ಹುಯ್ದಿದ್ದರು. ಅಸ್ಥಿ ಬಿಡುವ ಮುಂಚಿನಿಂದ ಅದೇ ನೀರು, ಮೇಲೆ ಮೇಲೆ ತುಂಬಿದ್ದು. ಶಾಮಣ್ಣ ಅದರ ಹತ್ತಿರ ಹೋದರು. ಬಗ್ಗಿ, ಚೊಂಬಿನ ಬಾಯಿಗೆ ಕೈ ಅಡ್ಡ ಹಿಡಿದರು. ಏನೂ ಅಲುಗಲಿಲ್ಲ. ಆದರೂ ಚೊಂಬನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ನೀರನ್ನೆಲ್ಲ ಚೆಲ್ಲಿ, ತೆಂಗಿನ ನಾರು ತಗೊಂಡು ತಳದಿಂದ ಅಂಚಿನವರೆಗೂ ತಿಕ್ಕತೊಡಗಿದರು.